‘ಸೆರೆ’ ಎಂಬಲ್ಲಿ ‘ಬಾಣಂತನ’ ಎಂದು ಓದಿಕೊಳ್ಳುವುದು

೨೬ ಅಕ್ಟೋಬರ್ ೧೯೪೨, ಸೋಮವಾರ

ಇವರು ಇವತ್ತೂ ಸರ್ಕೀಟು. ಬೆಳಿಗ್ಗೆ ಏಳಕ್ಕೇ ಸೈಕಲ್ ಹತ್ತಿ ಮಾಕಳಿದುರ್ಗದ ಕಡೆ ಹೊರಟರು. ಯಾವುದೋ ಕೆರೆಯ ಏರಿ ನೋಡಬೇಕಂತೆ. ಶೇಕ್ದಾರರ ಹೆಂಡತಿಯ ಕೆಲಸವೆಂದರೆ ದಾರಿ ನೋಡುವುದು ಎಂದು ಮದುವೆಗೆ ಮುಂಚೆ ಯಾರೂ ಹೇಳಲಿಲ್ಲ. ಆರು ತಿಂಗಳಾಯಿತು. ಬಾಗಿಲಿಗೆ ಹೋದೆ. ಹಿತ್ತಲಿಗೆ ಹೋದೆ. ಮತ್ತೆ ಬಾಗಿಲಿಗೆ.

ಅತ್ತೆ ಹುರುಳಿ ಕೇರುತ್ತಿದ್ದರು. “ಏನೇ ಇಂದ್ರಾಣಿ, ಕಾಲಿಗೆ ಚಕ್ರ ಕಟ್ಕಂಡಿದ್ದೀಯಾ?” ಎಂದು ಅದೇ ಮೊರದಿಂದ ಮುಖಕ್ಕೆ ಗಾಳಿ ಹಾಕಿಕೊಂಡರು. ನಾನು ಶಾಲು ಹೊದ್ದಿದ್ದೇನೆ, ಅವರಿಗೆ ಸೆಕೆ!

ಡೈರಿ ಕೊಟ್ಟಾಗ ಇವರ ಷರತ್ತು ಒಂದೇ: ಕನ್ನಡದಲ್ಲೇ ಬರೆಯಬೇಕು. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷಿನಲ್ಲೇ ಉಸಿರಾಡಿದವಳಿಗೆ ಇದು ಶಿಕ್ಷೆಯೋ, ಪ್ರೀತಿಯೋ? ಪ್ರೀತಿ. ಪ್ರೀತಿಯೇ. ಇವರದ್ದೆಲ್ಲ ಪ್ರೀತಿಯೇ!

ಇರಲಿ. ಮುಖ್ಯ ವಿಷಯ. ದೇವಸ್ಥಾನದಿಂದ ಬರುವಾಗ ರಜಾಕ್ ಸಾಹೇಬರ ಪ್ರೆಸ್ಸಿನ ಬಾಗಿಲ ಮೇಲೆ ಕಂಡದ್ದು—

“ಬೇಕಾಗಿದ್ದಾರೆ. ಆರೋಗ್ಯ ಹಾಗೂ ಸಾಮಾನ್ಯ ವಿಷಯಗಳ ಮೇಲೆ ಸುಲಭವಾದ ಕನ್ನಡದಲ್ಲಿ ಬರೆಯಬಲ್ಲವರು, ಬರೆದದ್ದನ್ನು ತಿದ್ದಬಲ್ಲವರು. ಇಂಗ್ಲಿಷ್ ತಿಳಿದಿರತಕ್ಕದ್ದು. ಸಂಬಳವಿಲ್ಲ, ಬರೆದಷ್ಟಕ್ಕೆ. ಮನೆಯಲ್ಲೇ ಕುಳಿತು ಬರೆಯಬಹುದು.”

ಮನೆಯಲ್ಲೇ ಕುಳಿತು! ಅದೊಂದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಬಳ್ಳಾಪುರದಲ್ಲಿ ಇನ್ಯಾರಿದ್ದಾರೆ?

೨೮ ಅಕ್ಟೋಬರ್

ಇವರು ಒಪ್ಪಿದರು!! “ಹೆಸರು ಮಾತ್ರ ಹಾಕ್ಬೇಡ ಇಂದ್ರಾ. ನಾನು ಸರ್ಕಾರದ ಅನ್ನ ತಿನ್ನೋನು,” ಎಂದರು. ಹೆಸರು ಯಾರಿಗೆ ಬೇಕು?

ನಮ್ಮ ಹಿತ್ತಲ ಗೋಡೆಯ ಆಚೆಗೇ ಪ್ರೆಸ್ಸಿನ ಹಿಂಭಾಗ. ರಜಾಕ್ ಸಾಹೇಬರ ತಂಗಿ ಆಮಿನಾ ಅಲ್ಲಿ ಪರದೆ ಕಟ್ಟಿಕೊಂಡು ಅಚ್ಚಿನ ಮೊಳೆ ಜೋಡಿಸುತ್ತಾಳೆ. ಅಚ್ಚು ಜೋಡಿಸುತ್ತಿದ್ದವನು ಬೆಂಗಳೂರಿನ ಕಾರ್ಖಾನೆ ಸೇರಿದ ಮೇಲೆ ತಾನೇ ಕಲಿತಳಂತೆ. ಮೂರು ಮಕ್ಕಳ ತಾಯಿ. ಬೆರಳ ತುದಿಯೆಲ್ಲ ಕಪ್ಪು. ಗೋಡೆಯ ಇಟ್ಟಿಗೆ ಎರಡು ಬಿದ್ದಿರುವ ಕಡೆ ನಿಂತು ವಿಷಯ ಹೇಳಿದೆ. ಅಣ್ಣನನ್ನು ಕೇಳಿ ಬಂದಳು.

ಆರೋಗ್ಯದ ಹನ್ನೆರಡು ಕರಪತ್ರ ಆಗಬೇಕು. ಇಂಗ್ಲಿಷ್ ಹಾಳೆ ಬೆಂಗಳೂರಿನ ಆರೋಗ್ಯ ಇಲಾಖೆಯಿಂದ ಬಂದಿವೆ. ಮೊದಲ ಮೂರು ಪರೀಕ್ಷೆಗೆ. ಸರಿ ಹೋದರೆ ಉಳಿದ ಒಂಬತ್ತೂ, ಆಮೇಲೆ ಬರುವುದೆಲ್ಲವೂ ನನಗೆ. ಸರಿ ಹೋಗದಿದ್ದರೆ ಬಾಗಿಲ ಮೇಲೆ ಮತ್ತೆ ಚೀಟಿ.

ಸರಿ ಹೋಗಲೇಬೇಕು. ಇಲ್ಲದಿದ್ದರೆ ಈ ಮನೆಯಲ್ಲಿ ನಾನು ಬಾಗಿಲಿಗೂ ಹಿತ್ತಲಿಗೂ ನಡೆದು ನಡೆದು ನೆಲ ಸವೆಸುತ್ತೇನೆ.

೧ ನವೆಂಬರ್, ಭಾನುವಾರ

ಮೊದಲನೆಯದು ಊಟದ ಬಗ್ಗೆ. ಬ್ಯಾಲೆನ್ಸ್ಡ್ ಡಯಟ್. “ತಕ್ಕಡಿಯಲ್ಲಿ ತೂಗಿದ ಊಟ” ಎಂದು ಬರೆದುಕೊಟ್ಟೆ. ಗೋಡೆಯಾಚೆ ಆಮಿನಾ ನಕ್ಕೂ ನಕ್ಕೂ ಕೆಮ್ಮಿದಳು.

“ಅಮ್ಮಯ್ಯಾ, ಊಟಾನ ಯಾರಾದ್ರೂ ತಕ್ಕಡೀಲಿ ತೂಗ್ತಾರಾ? ಸೊಸೇಗೆ ಅಳೆದು ಹಾಕೋ ಅತ್ತೇರಿಗೆ ಬರ್ದಂಗಿದೆ!”

ರಜಾಕ್ ಸಾಹೇಬರು “ಹಿತಮಿತವಾದ ಊಟ” ಎಂದು ತಿದ್ದಿದರು. ಬೇಜಾರಿಲ್ಲವಂತೆ, ಉಳಿದದ್ದು ಚೆನ್ನಾಗಿದೆಯಂತೆ. ನಾಚಿಕೆಯಾಯಿತು. ಹತ್ತು ನಿಮಿಷ. ಆಮೇಲೆ ಮತ್ತೆ ಖುಷಿ!

೫ ನವೆಂಬರ್

ನಿನ್ನೆ ಭಾಗ್ಯಮ್ಮನಿಗೆ ಹೆಣ್ಣು ಮಗು. ನನ್ನ ನಾದಿನಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಚೊಚ್ಚಲಿಗೆ ತವರಿಗೆ ಬಂದವಳು. ಎಷ್ಟು ಪುಟ್ಟ ಬೆರಳು! ಬಾಗಿಲಿಂದಲೇ ನೋಡಿದ್ದು. ಪುರುಡು ಕಳೆಯುವ ತನಕ ನಾನು ಒಳಗೆ ಹೋಗುವ ಹಾಗಿಲ್ಲ.

ನಡುಮನೆಯ ಪಕ್ಕದ ಕೋಣೆ. ಒಂದೇ ಕಿಟಕಿ, ಅದಕ್ಕೂ ಗೋಣಿ ತುರುಕಿದ್ದಾರೆ. ಮಂಚದ ಕೆಳಗೆ ಕೆಂಡದ ಬಾಣಲೆ. ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಭಾಗ್ಯಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕಣ್ಣು ಮಾತ್ರ ಕಾಣುತ್ತದೆ.

“ಅತ್ತೆ, ಸ್ವಲ್ಪ ಕಿಟಕಿ ತೆಗೆದರೆ…”

“ಗಾಳಿ ಸೋಕ್ತದೆ. ನಿಮ್ಮ ಕಾನ್ವೆಂಟ್ನೋರು ಹೆತ್ತಿದ್ರಾ?”

ಸಿಸ್ಟರ್‌ಗಳು ಹೆತ್ತಿರಲಿಲ್ಲ. ಅದು ನಿಜ.

ನೊಣದ ಕರಪತ್ರ ಮುಗಿಯಿತು. ಒಂದು ಪದವನ್ನೂ ತಿದ್ದಲಿಲ್ಲ! ಎರಡು ದಾಟಿದೆ, ಇನ್ನೊಂದೇ.

೧೧ ನವೆಂಬರ್, ಬುಧವಾರ

ಮೂರನೆಯ ಹಾಳೆ ಬಂತು. ಮೇಲಿನ ತುದಿ ಹರಿದು ತಲೆಬರಹವೇ ಇಲ್ಲ. ಕನ್‌ಫೈನ್‌ಮೆಂಟಿನಲ್ಲಿರುವ ಹೆಂಗಸಿಗೆ ಬೆಳಕು, ಗಾಳಿ ಬೇಕು ಎಂದು ಶುರು. ಇಂಗ್ಲೆಂಡಿನ ಚರಿತ್ರೆಯ ಪಾಠದಲ್ಲಿ ಬಂದದ್ದೇ ಪದ! ಗೋಪುರದಲ್ಲಿ ಕೂಡಿಹಾಕಿದ್ದರಲ್ಲ, ಆ ರಾಣಿ. ಆದರೂ ಜಾಣತನ ಮಾಡಿ ಇವರ ಡಿಕ್ಷನರಿ ತೆಗೆದೆ. ಪುಟದ ಕೊನೆಯ ಸಾಲಿನಲ್ಲಿ ಸಿಕ್ಕಿತು: ಸೆರೆ, ಬಂಧನ. ಸರಿ. ಮುಚ್ಚಿಟ್ಟೆ.

ಆಗಸ್ಟಿನ ಚಳವಳಿಯಿಂದ ಎಷ್ಟು ಹೆಂಗಸರು ಜೈಲಿಗೆ ಹೋಗಿದ್ದಾರೆ, ಕೈಗೂಸು ಎತ್ತಿಕೊಂಡೇ ಹೋದವರೂ ಇದ್ದಾರೆ. ಆರೋಗ್ಯದವರು ಅವರನ್ನೂ ಮರೆತಿಲ್ಲ! ಎಷ್ಟು ದೊಡ್ಡ ಮನಸ್ಸು! ಕಣ್ಣಲ್ಲಿ ನೀರು ಬಂತು. ಒಂದೇ ಉಸಿರಿಗೆ ಬರೆದೆ:

“ಸೆರೆಯಲ್ಲಿರುವ ಹೆಂಗಸನ್ನು ಕತ್ತಲೆಯಲ್ಲಿಡಬೇಡಿ. ಕಿಟಕಿ ತೆರೆಯಿರಿ. ಹೊಗೆ ಹಾಕಬೇಡಿ. ಬಾಯಾರಿದಾಗ ನೀರು ಕೊಡಿ. ಅವಳ ಕೂಸು ಅವಳ ಪಕ್ಕದಲ್ಲೇ ಇರಲಿ. ಕಾವಲಿನವಳು ಕೈ ತೊಳೆದುಕೊಂಡೇ ಒಳಗೆ ಹೋಗಲಿ.”

ಹೊಗೆ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಭಾಗ್ಯಳ ಕೋಣೆಯ ನೆನಪಾಯಿತು. ಜೈಲಿನಲ್ಲೂ ಬೆಳ್ಳುಳ್ಳಿ ಸಿಪ್ಪೆ ಹಾಕುತ್ತಾರೆಯೇ? ಇರಬಹುದು. ಮುಂದೆ ಬರೆದೆ.

೧೨ ನವೆಂಬರ್

ಗೋಡೆಯ ಸಂದಿಯಿಂದ ದಾಟಿಸಿದೆ. ರಜಾಕ್ ಸಾಹೇಬರು ಕಾಗದ ತರಲು ಬೆಂಗಳೂರಿಗೆ ಹೋಗಿದ್ದಾರೆ. ಯುದ್ಧ ಬಂದ ಮೇಲೆ ಕಾಗದಕ್ಕೆ ಅಲೆಯುವುದೇ ಒಂದು ಉದ್ಯೋಗ. ಆಮಿನಾ ಅಲ್ಲಿಯೇ ನಿಂತು ಓದಿದಳು. ಈ ಸಲ ನಗಲಿಲ್ಲ. ಎರಡು ಸಲ ಓದಿದಳು.

“ಏನಾದರೂ ತಪ್ಪಿದೆಯಾ ಆಮಿನಾ?”

“ನಕ್ಕೋ, ಬ್ಯಾಡ, ಒಂದಕ್ಷರಾನೂ ಮುಟ್ಟಬ್ಯಾಡಿ. ನಿಜಾನೇ ಬರ್ದಿದ್ದೀರಿ.”

ಅವಳಿಗೂ ದೇಶದ ಮೇಲೆ ಇಷ್ಟು ಅಭಿಮಾನ ಎಂದು ಗೊತ್ತಿರಲಿಲ್ಲ!

೧೭ ನವೆಂಬರ್

ಅಚ್ಚಾಯಿತು! ಐನೂರು ಪ್ರತಿ. ರಜಾಕ್ ಸಾಹೇಬರು ಇನ್ನೂ ಬಂದಿಲ್ಲ, ಸಂತೆಗೆ ಮುಂಚೆ ಆಗಬೇಕು ಎಂದು ಆಮಿನಾ ತಾನೇ ನಿಂತು ಹಾಕಿಸಿದಳು. ಒಂದನ್ನು ಒದ್ದೆ ಒದ್ದೆಯಾಗಿಯೇ ನನಗೆ ಕೊಟ್ಟಳು. ಮಸಿಯ ವಾಸನೆ! ತಲೆದಿಂಬಿನ ಕೆಳಗಿಟ್ಟಿದ್ದೇನೆ. ಇವರು ಬಂದ ಮೇಲೆ ತೋರಿಸಬೇಕು. ಗುರುವಾರ ಬರುತ್ತಾರೆ. ಇಲ್ಲ, ಶುಕ್ರವಾರ. ರೈಲಿನ ಕೂಗು ಕೇಳಿದಾಗಲೆಲ್ಲ ಏಳುತ್ತೇನೆ. ಸೈಕಲ್ಲಿನಲ್ಲಿ ಹೋದವರು ರೈಲಿನಲ್ಲಿ ಯಾಕೆ ಬರುತ್ತಾರೆ? ಆದರೂ ಏಳುತ್ತೇನೆ.

ಪುರುಡು ಕಳೆಯಿತು. ಮಗುವನ್ನು ಎತ್ತಿಕೊಂಡೆ! ಭಾಗ್ಯಳ ಮೈ ಮಾತ್ರ ಬಿಸಿ ಬಿಸಿ. “ಅತ್ಗೆ, ಒಂದ್ಲೋಟ ನೀರು,” ಎಂದಳು ಪಿಸುಮಾತಿನಲ್ಲಿ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದಂತೆ. ಅತ್ತೆ ಕಾಣದಂತೆ ಕೊಟ್ಟೆ. ಗಟಗಟ ಕುಡಿದಳು.

೨೧ ನವೆಂಬರ್, ಶನಿವಾರ. ಮಧ್ಯಾಹ್ನ ೩

ಬಾಗಿಲ ಅಗುಳಿ ಹಾಕಿಕೊಂಡು ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ಗೋಡೆಯಾಚೆ ಬೂಟಿನ ಸದ್ದು. ಸಬ್ ಇನ್‌ಸ್ಪೆಕ್ಟರು. ಸಂತೆಯಲ್ಲಿ ಹಂಚಿದ ಕರಪತ್ರ ಅವರ ಕೈಗೆ ಸಿಕ್ಕಿದೆ. ನಿನ್ನೆ ತಾನೇ ಊರಿಗೆ ಬಂದ ರಜಾಕ್ ಸಾಹೇಬರನ್ನು ಎದುರಿಗೆ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದರು. “ಸೆರೆಯಲ್ಲಿರುವ ಹೆಂಗಸನ್ನು ಕತ್ತಲೆಯಲ್ಲಿಡಬೇಡಿ…” ನನ್ನ ಸಾಲುಗಳು, ಆ ದನಿಯಲ್ಲಿ!

“ಆರೋಗ್ಯದ ಹೆಸರಲ್ಲಿ ಕಾಂಗ್ರೆಸ್ ಪತ್ರ ಹಾಕ್ತೀರೇನ್ರೀ? ಯಾರ್ರೀ ಬರೆದೋರು?”

“ಪರದೆಯವ್ರು ಸ್ವಾಮಿ. ಹೆಸರು ಹೇಳೋಕಾಗಲ್ಲ.”

“ಪರದೆ ಹಿಂದೆ ಕಾಂಗ್ರೆಸ್ಸಾ?”

ಬುಧವಾರದೊಳಗೆ ಬರೆದವರ ಹೆಸರು ಹಾಕಿ ತಪ್ಪೊಪ್ಪಿಗೆ ಬರೆದುಕೊಡಬೇಕು. ಇಲ್ಲದಿದ್ದರೆ ಪ್ರೆಸ್ಸಿಗೆ ಬೀಗ.

ನಾನು ಬರೆದದ್ದರಲ್ಲಿ ಏನು ತಪ್ಪು? ಸರ್ಕಾರದವರೇ ಕಳಿಸಿದ ಹಾಳೆಯಲ್ಲವೇ? ಗೋಡೆ ಹತ್ತಿ ಹೋಗಿ ಕೇಳಿಬಿಡಲೇ ಅನ್ನಿಸಿತು. ಇವರು ನಿನ್ನೆಯೂ ಬರಲಿಲ್ಲ.

೨೨ ನವೆಂಬರ್, ಭಾನುವಾರ

ಇವರು ಬಂದರು. ಅಮಲ್ದಾರರ ಕಚೇರಿಯಲ್ಲೇ ಸುದ್ದಿ ಕೇಳಿ ಬಂದಿದ್ದರು, ಮುಖ ಬಿಳಚಿಕೊಂಡಿತ್ತು. ನಾನು ಇಂಗ್ಲಿಷ್ ಹಾಳೆಯನ್ನು ಕೈಗಿಟ್ಟೆ. ಓದಿದರು. ನನ್ನದನ್ನು ಓದಿದರು. ಮತ್ತೆ ಅದನ್ನು.

“ಇಂದ್ರಾ, ಕನ್‌ಫೈನ್‌ಮೆಂಟ್ ಅಂದ್ರೇನು?”

“ಸೆರೆ.”

“ಭಾಗ್ಯ ಎಲ್ಲಿದ್ದಾಳೆ ಈಗ?”

“ಕೋಣೇಲಿ.”

“ಏನಾಗಿದ್ದಾಳೆ?”

“ಬಾಣಂತಿ…”

“ಅದೇ ಕಣೇ ಕನ್‌ಫೈನ್‌ಮೆಂಟ್!”

ನಂಬಲಿಲ್ಲ. ಡಿಕ್ಷನರಿ ತೆಗೆದರು. ಸೆರೆ, ಬಂಧನ—ಪುಟ ಮುಗಿಯಿತು. ಹಾಳೆ ತಿರುವಿದರು. ಮುಂದಿನ ಪುಟದ ಮೊದಲ ಸಾಲು: ಹೆರಿಗೆ, ಬಾಣಂತನ.

ಹಾಳೆ ತಿರುವಿದ್ದರೆ ಸಾಕಿತ್ತು.

ಇವರು ಮೊದಲು ನಕ್ಕರು, ಆಮೇಲೆ ನಗು ನಿಂತಿತು. “ನಿನ್ನ ಹೆಸರು ಆಚೆ ಬಂದ್ರೆ ಕೆಲಸ ಹೋಗುತ್ತೆ ಇಂದ್ರಾ.” ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

೨೩ ನವೆಂಬರ್

ಗೋಡೆಯ ಹತ್ತಿರ ಆಮಿನಾಳನ್ನು ಹಿಡಿದು ಕೇಳಿದೆ. ಮೂರು ಹೆತ್ತವಳು, ಎರಡು ಸಲ ಓದಿದವಳು. ಬಾಣಂತಿಯ ವಿಷಯ ಎಂದು ಗೊತ್ತಾಗಲಿಲ್ಲವೇ?

“ಗೊತ್ತಾಗ್ದೇ ಏನು? ಮೊದಲನೇ ಸಾಲಲ್ಲೇ ಗೊತ್ತಾಯ್ತು.”

“ಮತ್ತೆ ಸೆರೆ ಅಂತ ಇದೆಯಲ್ಲ!”

“ಹೂಂ. ಮೂರು ಸಲ ನಲವತ್ತು ನಲವತ್ತು ದಿನ ಇದ್ದೆ ಅಮ್ಮಯ್ಯಾ. ಸರಿಯಾಗೇ ಬರ್ದಿದ್ದೀರಿ ಅಂದ್ಕೊಂಡೆ.”

ಇಬ್ಬರೂ ಗೋಡೆಯ ಎರಡು ಕಡೆ ನಿಂತೆವು.

ಪ್ರೆಸ್ಸಿನ ಬಾಗಿಲ ಮೇಲೆ ಮತ್ತೆ ಚೀಟಿ ಬಂದಿದೆ. ಇವರೇ ನೋಡಿ ಬಂದು ಹೇಳಿದರು. ಬೇಕಾಗಿದ್ದಾರೆ. ಬರೆಯಬಲ್ಲವರು, ತಿದ್ದಬಲ್ಲವರು. ಈ ಸಲ ಒಂದು ಸಾಲು ಜಾಸ್ತಿ: “ಕನ್ನಡ ಚೆನ್ನಾಗಿ ಬರತಕ್ಕದ್ದು.”

ಆ ಸಾಲು ನನಗೇ.

೨೫ ನವೆಂಬರ್, ಬುಧವಾರ

ಸಬ್ ಇನ್‌ಸ್ಪೆಕ್ಟರು ಮತ್ತೆ ಬಂದರು. ಸಂದಿಗೆ ಕಿವಿ ಕೊಟ್ಟು ನಿಂತೆ. ಅತ್ತೆ ಕರೆದರೂ ಹೋಗಲಿಲ್ಲ.

“ಎಲ್ಲಿ ತಪ್ಪೊಪ್ಪಿಗೆ?”

ರಜಾಕ್ ಸಾಹೇಬರು ಇಂಗ್ಲಿಷ್ ಹಾಳೆಯನ್ನೂ ಡಿಕ್ಷನರಿಯನ್ನೂ ಮುಂದಿಟ್ಟರು. ಎರಡನ್ನೂ ಬೆಳಿಗ್ಗೆಯೇ ನಾನು ಗೋಡೆ ದಾಟಿಸಿದ್ದೆ. ಇವರ ಹೆಸರಿದ್ದ ಮೊದಲ ಪುಟಕ್ಕೆ ಕಾಗದ ಅಂಟಿಸಿ. ಆಮೇಲೆ ಒಂದು ಸಣ್ಣ ಅಚ್ಚಿನ ಚೀಟಿ.

“ಅದು ಪೊಲೀಸ್ನೋರ್ದು ಸ್ವಾಮಿ. ಪ್ರೆಸ್ಸಿನೋರ್ದು ತಪ್ಪೊಪ್ಪು. ಒಂದಕ್ಷರ ಕಮ್ಮಿ. ಎಲ್ಲ ಪುಸ್ತಕದ ಕೊನೇಲೂ ಇರ್ತದೆ.”

ಸಬ್ ಇನ್‌ಸ್ಪೆಕ್ಟರು ಗಟ್ಟಿಯಾಗಿ ಓದಿದರು: “‘ಸೆರೆ’ ಎಂಬಲ್ಲಿ ‘ಬಾಣಂತನ’ ಎಂದು ಓದಿಕೊಳ್ಳುವುದು. ‘ಕಾವಲಿನವಳು’ ಎಂಬಲ್ಲಿ ‘ಆರೈಕೆ ಮಾಡುವವಳು’ ಎಂದು ಓದಿಕೊಳ್ಳುವುದು.”

ಜೊತೆಯಲ್ಲಿದ್ದ ಪೇದೆ ಕಿಸಕ್ಕೆಂದ. “ನಮ್ಮನೇಲೂ ಹಂಗೇ ಅಂತಾಳೆ ಸಾರ್. ಜೈಲಾದ್ರೂ ವಾಸಿ, ಕಿಟಕಿ ಇರ್ತದೆ ಅಂತ.”

“ಬಾಯ್ಮುಚ್ಚಯ್ಯ!” ಎಂದರು ಸಬ್ ಇನ್‌ಸ್ಪೆಕ್ಟರು. ಅವರಿಗೂ ನಗು ತಡೆಯಲಾಗಲಿಲ್ಲ, ದನಿಯಲ್ಲೇ ಗೊತ್ತಾಯಿತು. ಸಿಕ್ಕಷ್ಟು ಪ್ರತಿ ವಾಪಸು ತರಿಸಿ, ಎಲ್ಲಕ್ಕೂ ಚೀಟಿ ಅಂಟಿಸಿ, ಶನಿವಾರ ತೋರಿಸಬೇಕು. ಅಷ್ಟೇ. ಹೆಸರು ಕೇಳಲಿಲ್ಲ!

ಇವರ ಕೆಲಸ ಉಳಿಯಿತು. ಪ್ರೆಸ್ಸು ಉಳಿಯಿತು. ನನ್ನದು ಮಾತ್ರ ಹೋಯಿತು. ಸಂಜೆಯಿಡೀ ಬಾಗಿಲಿಗೂ ಹಿತ್ತಲಿಗೂ.

೨೬ ನವೆಂಬರ್, ಗುರುವಾರ

ಬರೆಯಲೇಬೇಕು. ಎಲ್ಲವನ್ನೂ.

ಬೆಳಿಗ್ಗೆ ಆಮಿನಾ ಕಟ್ಟು ಹೊತ್ತುಕೊಂಡು ನಮ್ಮ ಹಿತ್ತಲಿಗೇ ಬಂದಳು. ಹಂಚದೆ ಉಳಿದದ್ದೂ ವಾಪಸು ಬಂದದ್ದೂ ಸೇರಿ ನಾನೂರು ಚಿಲ್ಲರೆ ಪ್ರತಿ. ಅಂಟಿಸುವ ಕೈ ಸಾಲದು ಎಂದು ಅಣ್ಣ ಕಳಿಸಿದ್ದು. ಗಂಜಿ ಕಾಯಿಸಿ ಅಂಟು ಮಾಡಿಕೊಂಡೆವು. ನಾನು ಬಳಿಯುವುದು, ಅವಳು ಒತ್ತುವುದು.

ಅತ್ತೆ ಬಂದು ಕಂಬಕ್ಕೆ ಒರಗಿ ಕೂತರು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. ಭಾಗ್ಯಳ ಜ್ವರ ಇಳಿದಿಲ್ಲ, ಮೂರು ದಿನದಿಂದ ಅವರಿಗೆ ನಿದ್ದೆಯಿಲ್ಲ.

“ಏನೇ ಅದು, ಪೊಲೀಸ್ನೋರ್ನ ಕರೆಸಿದ್ದು? ಓದು, ಕೇಳನ.”

ಓದಲು ಹೆದರಿಕೆ. ಓದದಿರಲು ಇನ್ನೂ ಹೆದರಿಕೆ. ಚೀಟಿ ಅಂಟಿಸದ ಒಂದು ಪ್ರತಿ ತೆಗೆದುಕೊಂಡು ಇದ್ದದ್ದು ಇದ್ದ ಹಾಗೆ ಓದಿದೆ. ಸೆರೆಯಲ್ಲಿರುವ ಹೆಂಗಸನ್ನು ಕತ್ತಲೆಯಲ್ಲಿಡಬೇಡಿ. ಕಿಟಕಿ ತೆರೆಯಿರಿ. ಬಾಯಾರಿದಾಗ ನೀರು ಕೊಡಿ…

ಓದು ಮುಗಿಯಿತು. ಅತ್ತೆಯ ಸೆರಗು ನಿಂತಿತ್ತು.

“ಬಾಣಂತಿ ಅಂತ ಬರೆಯೋಕೆ ಹೋಗಿ ತಪ್ಪಾಯಿತು ಅತ್ತೆ…”

“ಆ ಕೋಣೇಲಿ ಐದು ಹೆತ್ತೆ ನಾನು,” ಎಂದರು. “ಗೋಣಿ ನಮ್ಮತ್ತೆ ತುರುಕಿದ್ದು. ಮೂರನೇದ್ರಲ್ಲಿ ಬಾಯಾರಿ ಬಾಯಾರಿ, ಗೋಡೆ ಮೇಲಿನ ತ್ಯಾವ ನೆಕ್ಕಿದ್ದೆ. ಯಾರ್ಗೂ ಹೇಳ್ಲಿಲ್ಲ.” ಸೆರಗು ಬಿಗಿದು ಸಿಕ್ಕಿಸಿಕೊಂಡು, “ಎಲ್ರೂ ಬಾಣಂತನ ಅಂತಾನೇ ಅಂದ್ರಲ್ಲ. ಬಾಣಂತನ ಅಂದ್ರೆ ಅದು ಒಳ್ಳೇದೇ ಅಲ್ವಾ.”

ಎದ್ದರು. ಒಳಗೆ ಹೋದರು. ಏನೋ ಎಳೆಯುವ ಸದ್ದು, ಅತ್ತೆಯ ಏದುಸಿರು, ಕೆಮ್ಮು. ಓಡಿ ಹೋಗಿ ನೋಡಿದರೆ—ಗೋಣಿ ನೆಲದ ಮೇಲೆ. ಕಿಟಕಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಭಾಗ್ಯಳ ಕಾಲ ಮೇಲೆ ಬಿದ್ದಿತ್ತು. ಅವಳು ಕಾಲನ್ನೇ ನೋಡುತ್ತಿದ್ದಳು, ಯಾರದೋ ಕಾಲು ಎಂಬಂತೆ.

“ಬಾಣಲೆ ಆಚೆಗಿಡು,” ಎಂದರು ನನಗೆ. “ಒಂದ್ಚೊಂಬು ನೀರು ಕಾಯ್ಸಿ ಆರಿಸ್ಕಂಡ್ ಬಾ. ಮೊದ್ಲು ಕೈ ತೊಳ್ಕೊ.”

ಹಿತ್ತಲಿಗೆ ಬಂದು ಮತ್ತೆ ಕೂತರು. ಕೆಮ್ಮು ನಿಂತ ಮೇಲೆ ಆಮಿನಾಗೆ: “ನಿಮ್ಮಣ್ಣಂಗೆ ಹೇಳು. ಬರೀ ಕಿಟಕಿ ತೆಗೀರಿ ಅಂದ್ರೆ ಯಾರೂ ತೆಗೆಯಲ್ಲ. ಎಳೇ ಬಿಸಿಲಾಗೆ ತೆಗೀರಿ, ಸಂಜೆ ಥಂಡಿಗೆ ಮುಚ್ಚಿ ಅನ್ಬೇಕು. ಆಗ ನನ್ನಂಥೋರು ಕೇಳ್ತಾರೆ.”

ನನ್ನ ಕೈಯಲ್ಲಿದ್ದ ಪ್ರತಿಗೆ ಆಮಿನಾ ಚೀಟಿ ಒತ್ತಲು ಬಂದಳು. ಅತ್ತೆ ಕಿತ್ತುಕೊಂಡರು.

“ನಮ್ಮನೇದಕ್ಕೆ ಬ್ಯಾಡ.”

೩೦ ನವೆಂಬರ್

ಭಾಗ್ಯಳ ಜ್ವರ ಇಳಿದಿದೆ. ಎರಡು ದಿನದಿಂದ. ಕಿಟಕಿಯಿಂದಲೋ, ನೀರಿನಿಂದಲೋ, ಡಾಕ್ಟರ ಪುಡಿಯಿಂದಲೋ ಗೊತ್ತಿಲ್ಲ. (ಡಾಕ್ಟರನ್ನು ಕರೆಸಿದ್ದೂ ಅತ್ತೆಯೇ!) “ಅತ್ಗೆ, ನಂಗೆ ಬಿಡುಗಡೆ ಯಾವತ್ತು?” ಎಂದು ಕಣ್ಣು ಮಿಟುಕಿಸಿದಳು. ಮಗು ಬಿಸಿಲಿಗೆ ಮುಖ ಕಿವುಚುತ್ತದೆ. ಅಯ್ಯೋ, ಎಷ್ಟು ಮುದ್ದು!

ಚೀಟಿ ಇನ್ನೂ ಬಾಗಿಲ ಮೇಲಿದೆಯಂತೆ. ಯಾರೋ ಪಂಡಿತರು ಬಂದು ವಿಚಾರಿಸಿಕೊಂಡು ಹೋದರಂತೆ.

೨ ಡಿಸೆಂಬರ್, ಬುಧವಾರ

ರಜಾಕ್ ಸಾಹೇಬರು ಬಂದರು! ಮುಂಬಾಗಿಲಿಗೇ! ಅತ್ತೆ ಜಗಲಿಯ ಮೇಲೆ, ನಾನು ಬಾಗಿಲ ಹಿಂದೆ.

“ರುಕ್ಮಿಣಮ್ಮಾರೇ, ಪಂಡಿತರ ಹತ್ರ ಒಂದು ಪುಟ ಬರೆಸ್ದೆ. ಒಂದೂ ತಪ್ಪಿಲ್ಲ. ನಂಗೇ ಅರ್ಥ ಆಗ್ಲಿಲ್ಲ.” ಕೈಯಲ್ಲಿದ್ದ ಹಾಳೆಗಳನ್ನು ಜಗಲಿಯ ಮೇಲಿಟ್ಟರು. “ನಮ್ಮ ಚೀಟೀಲಿ ಬರೆಯೋರು, ತಿದ್ದೋರು ಅಂತ ಇತ್ತು. ಒಬ್ರೇ ಸಿಗ್ತಾರೆ ಅಂತ ಕಾದಿದ್ದೇ ನನ್ನ ತಪ್ಪು. ಬೇಟಿ, ನಿಮ್ಮ ಸೊಸೆ, ಬರೀಲಿ. ನೀವು ತಿದ್ದಿ.”

“ನಂಗೆ ಅಕ್ಷರ ಬರಲ್ಲ ಸಾಹೇಬ್ರೇ.”

“ಅದಕ್ಕೇ. ನಿಮಗೆ ಓದಿ ಹೇಳ್ದಾಗ ಅರ್ಥ ಆದ್ರೆ ಮೊಳೆ ಜೋಡಿಸ್ತೀವಿ. ಇಲ್ದಿದ್ರೆ ಇಲ್ಲ.”

ಅತ್ತೆ ಬಾಗಿಲ ಕಡೆ ತಿರುಗಿ, “ಕೇಳಿಸ್ತೇನೇ?” ಎಂದರು.

ಕೇಳಿಸಿತು! ಇಡೀ ಬೀದಿಗೆ ಕೇಳಿಸುವಂತೆ ಹೂಂ ಎಂದೆ!

೩ ಡಿಸೆಂಬರ್. ಬೆಳಿಗ್ಗೆ ೧೧

ನಾಲ್ಕನೆಯ ಹಾಳೆ. ಇದರ ತಲೆಬರಹ ಹರಿದಿಲ್ಲ. ಚೇಂಜ್ ಆಫ್ ಲೈಫ್. ಜೀವನದ ಬದಲಾವಣೆ! ಎಷ್ಟು ಸಲೀಸು. ಬರೆದೂ ಬಿಟ್ಟೆ.

ಸಲೀಸು ಅನ್ನಿಸಿದ್ದೇ ಭಯವಾಯಿತು. ಡಿಕ್ಷನರಿ ತೆಗೆದೆ. ಹಾಳೆ ತಿರುವಿದೆ, ಹಿಂದಕ್ಕೆ, ಮುಂದಕ್ಕೆ. ಚೇಂಜ್ ಇದೆ. ಲೈಫ್ ಇದೆ. ಎರಡೂ ಸೇರಿ ಎಲ್ಲೂ ಇಲ್ಲ.

ಹಾಳೆಯನ್ನೇ ಮುಂದೆ ಓದಿದೆ. ನಲವತ್ತೈದರ ಸುಮಾರಿಗೆ ಹೆಂಗಸರಿಗೆ ಬರುವುದಂತೆ. ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈ ಕಾವೇರುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಸಿಡುಕು. ಮನೆಯವರು ಸಹನೆಯಿಂದ ನೋಡಿಕೊಳ್ಳಬೇಕಂತೆ.

ಹೊರಗೆ ಮೊರದ ಸದ್ದು. ಕೇರುವ ಸದ್ದಲ್ಲ, ಗಾಳಿ ಹಾಕಿಕೊಳ್ಳುವ ಸದ್ದು.

ಬರೆದದ್ದನ್ನು ಹೊಡೆದುಹಾಕಿದೆ. ಇದಕ್ಕೆ ಅತ್ತೆಯ ಹತ್ತಿರ ಯಾವ ಪದ ಇದೆಯೋ. ಇದೆಯೋ ಇಲ್ಲವೋ. ಯಾರಾದರೂ ಅವರನ್ನು ಕೇಳಿದ್ದಾರೆಯೇ? ಈಗಲೇ ಪೆನ್ನು ಇಟ್ಟು ಹೋಗಿ ಪಕ್ಕದಲ್ಲಿ ಕೂತು, ಆ ಮೊರ ನಾನೇ ಇಸಿದುಕೊಂಡು, “ಅತ್ತೆ, ನಿಮಗೆ ಈಗ” ಎಂದು—